ನಾಲ್ಕನೇ ಸಾಲಿನ ಎರಡು ಡ್ರಾಯರ್

ನಮ್ಮ ಬೀದಿಯಲ್ಲಿ ಯಾರಿಗಾದರೂ ತಲೆ ಸಿಡಿದರೆ ಮೊದಲು ನೆನಪಾಗುವುದು ಡಾಕ್ಟರಲ್ಲ, ಮಾತ್ರೆಯಣ್ಣ. ಔಷಧಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಒಂದೇ ಕೌಂಟರಿನ ಹಿಂದೆ ನಿಂತ ಮನುಷ್ಯ. ಕಸ ಗುಡಿಸಲು ಸೇರಿದವರು, ಡಬ್ಬಿಗಳ ಮೇಲಿನ ಹೆಸರು ಓದುತ್ತ ಓದುತ್ತ ಕೆಲಸ ಕಲಿತರು. ಅವರ ನಿಜವಾದ ಹೆಸರು ಕೇಳಿದರೆ ಬೀದಿಯಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅನ್ನುವುದು ಅವರಿಗೆ ಬಾಯಿಪಾಠ. "ಊಟ ಆದ್ಮೇಲೆ, ತಿಳೀತಾ? ಬರೀ ಹೊಟ್ಟೇಲಿ ಅಲ್ಲ" ಎಂದು ಮೂರು ಸಲ ಹೇಳಿಯೇ ಮಾತ್ರೆ ಕೊಡುವುದು. ನನಗೆ ರೇಗಿಹೋಗುತ್ತಿತ್ತು. "ಅಣ್ಣಾ, ನಾನೇನು ಎಳೇ ಮಗುವಾ?" ಎಂದರೆ, "ಮಗುವಾಗಿದ್ರೆ ಒಂದ್ಸಲ ಹೇಳಿದ್ರೆ ಕೇಳ್ತಿತ್ತು" ಅನ್ನುವರು.

ನನ್ನದು ಪಕ್ಕದ ಜೆರಾಕ್ಸ್ ಅಂಗಡಿ, ನಡುವೆ ಒಂದೇ ಗೋಡೆ. ನಾನು ಬಾಯಿ ಜೋರಿನವಳು, ಮುಚ್ಚಿಡುವುದೇಕೆ. ನನಗೆ ಬಿಪಿ ಬಂದದ್ದೂ ಆ ಬಾಯಿಂದಲೇ ಎಂದು ನನ್ನ ಗಂಡ ಹೇಳುತ್ತಾರೆ. ಬಿಪಿ ಮಾತ್ರೆ ಮಧ್ಯಾಹ್ನದ ಊಟ ಮುಗಿಸಿ ನುಂಗಬೇಕು. ಆವತ್ತು ಬೆಳಗ್ಗೆ ಮಾತ್ರೆಯಣ್ಣನಿಂದ ಹೊಸ ಶೀಟ್ ತಂದಿದ್ದೆ. ಗಿರಾಕಿಗಳ ಕಾಟದಲ್ಲಿ ಊಟಕ್ಕೇ ಮೂರು ಗಂಟೆಯಾಯಿತು. ಶೀಟ್ ಒತ್ತಿದರೆ ಅಂಗೈಗೆ ಬಿಳಿ ಮಾತ್ರೆ ಬಿತ್ತು. ನನ್ನದು ತಿಳಿ ಗುಲಾಬಿ.

"ಏನಣ್ಣಾ, ಕಂಪನಿಯವರಿಗೆ ಬಣ್ಣ ಮುಗಿದುಹೋಯ್ತಾ?" ಎನ್ನುತ್ತಾ ಹೋಗಿ ಶೀಟನ್ನು ಕೌಂಟರಿನ ಮೇಲಿಟ್ಟೆ.

ಅವರು ಅದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು. "ಯಾವ ಬಣ್ಣ ಬಂತು?" ಎಂದು ಕೇಳಿದರು.

"ಬಿಳಿ. ಯಾಕೆ, ನಿಮಗೆ ಕಾಣ್ತಿಲ್ವಾ?" ಎಂದು ತಮಾಷೆಗೇ ಅಂದೆ.

ಅವರು ಕೌಂಟರಿನ ಮೇಲೆ ಬಾಗಿದರು. "ನುಂಗಿದ್ಯಾ?"

"ಇಲ್ಲಪ್ಪ."

"ಸದ್ಯ!" ಎಂದವರು ತಿರುಗಿ, ಗೋಡೆಯ ಡ್ರಾಯರ್‌ಗಳಲ್ಲಿ ನಾಲ್ಕನೇ ಸಾಲಿನ ಎಡಗಡೆಯದನ್ನು ಎಳೆದು ಕೈ ಹಾಕಿದರು. ಬಲಗಡೆಯದಕ್ಕೂ ಹಾಕಿದರು. "ಬಡಗಿ," ಎಂದರು. "ಬೆಳಗ್ಗೆ ಬಡಗಿ ಬಂದು ಹಿಡಿಕೆ ಕೂರಿಸಿದ. ಎರಡೂ ಡ್ರಾಯರ್ ಹೊರಗೆ ತೆಗೆದಿದ್ದ. ವಾಪಸ್ ಹಾಕುವಾಗ ಅದಲು ಬದಲು ಮಾಡಿಬಿಟ್ಟಿದ್ದಾನೆ ತಂಗಿ."

ಎಡಗಡೆ ಇರಬೇಕಾದದ್ದು ಬಿಪಿ ಮಾತ್ರೆ. ಈಗ ಅಲ್ಲಿದ್ದದ್ದು ಸಕ್ಕರೆ ಕಾಯಿಲೆಯದು. ಎರಡೂ ಒಂದೇ ಅಳತೆಯ ಶೀಟು. "ಸರಿ, ಆದದ್ದಾಯ್ತು, ನಂದು ಕೊಡಿ" ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು.

"ಇನ್ನೊಬ್ಬ ಬಂದಿದ್ದ," ಎಂದರು. "ಬಡಗಿ ಹೋದ್ಮೇಲೆ ನಿನ್ನ ಬಿಟ್ರೆ ಅವನೊಬ್ಬನೇ ಆ ಎರಡು ಡ್ರಾಯರ್‌ನಿಂದ ತಗೊಂಡಿದ್ದು. ಹನ್ನೊಂದು ಗಂಟೆಗೆ. ಗೊತ್ತಿಲ್ಲದ ಮುಖ. ಯಾವಾಗಲೂ ತಗೊಳ್ಳೋ ಅಂಗಡಿ ಮುಚ್ಚಿತ್ತಂತೆ. ತಾಯಿಗೆ ಬಿಪಿಗೆ ಅಂತ ಮಾತ್ರೆ ಹೆಸರು ಹೇಳಿದ. ಎಂಬತ್ತು ವರ್ಷದ ಮುದುಕಿ, ಸಂಜೆ ಆರೂವರೆಗೆಲ್ಲ ಊಟ ಮಾಡಿ ಮಲಗಿಬಿಡ್ತಾರೆ, ಊಟಕ್ಕೆ ಮುಂಚೆ ಮಾತ್ರೆ ಅಂತಾನೂ ಹೇಳಿದ."

ಸಕ್ಕರೆ ಕಾಯಿಲೆ ಇಲ್ಲದ ಮುದುಕಿ ಆ ಮಾತ್ರೆ ನುಂಗಿ ಮಲಗಿ, ನಿದ್ದೆಯಲ್ಲೇ ಸಕ್ಕರೆ ಇಳಿದರೆ ಬೆಳಗ್ಗೆ ಏಳುತ್ತಾಳೆಂದು ಯಾರು ಹೇಳಬೇಕು? "ಬಿಲ್ ಇರುತ್ತಲ್ಲ, ಫೋನ್ ನಂಬರ್ ಇರುತ್ತಲ್ಲ?" ಎಂದೆ. ಬಿಲ್ ಮಾಡುವ ಹುಡುಗಿ ಪರೀಕ್ಷೆಗೆಂದು ಮೂರು ದಿನ ರಜೆ ಹಾಕಿದ್ದಳು. ಬಿಲ್ ಇಲ್ಲ, ನಂಬರೂ ಇಲ್ಲ.

ಉಳಿದದ್ದು ಕ್ಯಾಮೆರಾ. ಕೌಂಟರಿನ ತುದಿಯ ಪರದೆಯಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು: ಸ್ಟೂಲಿನ ಮೇಲೆ ಅವರು, ಸೊಂಟಕ್ಕೆ ಕೈಯಿಟ್ಟು ನಾನು. ಈಗಿನದು ತೋರಿಸುತ್ತದೆ, ಬೆಳಗಿನದು ಬೇಕೆಂದರೆ ಪಾಸ್‌ವರ್ಡ್ ಕೇಳುತ್ತದೆ. ಆ ಪಾಸ್‌ವರ್ಡ್ ಓನರ್ ಒಬ್ಬರಿಗೇ ಗೊತ್ತು. "ಎಲ್ಲರೂ ಎಲ್ಲ ನೋಡೋದು ಬೇಡ" ಎಂದು ಆರು ತಿಂಗಳ ಹಿಂದೆ ಅವರೇ ಬದಲಾಯಿಸಿದ್ದರು.

ಮಾತ್ರೆಯಣ್ಣ ಅರ್ಧ ಶಟರ್ ಎಳೆದರು. ಇನ್ನು ಯಾರಿಗೂ ಏನೂ ಕೊಡಲ್ಲ ಎಂದರು. ಫ್ಯಾನೂ ಇಲ್ಲದ ಆ ಇಕ್ಕಟ್ಟಿನಲ್ಲಿ ನಾವಿಬ್ಬರೇ. ಓನರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ, "ಸರ್, ಗಿರಾಕಿ ಒಬ್ಬರ ಪರ್ಸ್ ಕಳೆದಿದೆಯಂತೆ, ಬೆಳಗಿನ ರೆಕಾರ್ಡಿಂಗ್ ನೋಡಬೇಕು" ಎಂದರು. ನಾನು ಕಣ್ಣರಳಿಸಿದೆ. ಅವರು ಕೈ ಮುಗಿದು ಸುಮ್ಮನಿರು ಎಂದರು. ಕೆಲಸದ ಭಯ, ಪಾಪ ಅಂದುಕೊಂಡೆ.

ಓನರ್ ನೆಂಟರ ಮನೆಯಲ್ಲಿ ಭರ್ಜರಿ ಊಟದ ಗುಂಗಿನಲ್ಲಿದ್ದರು. "ಪಾಸ್‌ವರ್ಡಾ? ಮರೆತೇಹೋಯ್ತಲ್ಲಯ್ಯಾ! ಕಾರ್ ನಂಬರ್ ಹಾಕಿ ನೋಡು." ಮಾತ್ರೆಯಣ್ಣ ಮೌಸನ್ನು ನನ್ನ ಕಡೆ ತಳ್ಳಿದರು. ನಾನು ಹಾಕಿದೆ, ತಪ್ಪು. ಫೋನಿನ ಕೊನೆಯ ನಾಲ್ಕು ಅಂಕಿ ತಪ್ಪು. ಅಂಗಡಿ ಶುರುವಾದ ವರ್ಷ ತಪ್ಪು. "ಹೆಂಡ್ತಿ ಹುಟ್ಟಿದ ದಿನ ಇರಬೇಕು. ಅದು ಯಾವತ್ತು ಅಂದ್ರೆ... ಅಯ್ಯೋ, ಅವಳನ್ನ ಕೇಳಿದ್ರೆ ನನ್ನ ಕಥೆ ಮುಗೀತು!" ಎಂದು ನಕ್ಕರು. ಅವರ ನಗು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಂದಾಜಿನ ಮೇಲೆ ಎರಡು ತಾರೀಖು ಹೇಳಿದರು. ಐದನೆಯದೂ ತಪ್ಪಾದಾಗ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಅರ್ಧ ಗಂಟೆ ಲಾಕ್. ಗಂಟೆ ನಾಲ್ಕಾಗುತ್ತಾ ಬಂದಿತ್ತು.

ಕ್ಯಾಮೆರಾ ಹಾಕಿದವನಿಗೆ ಫೋನ್ ಮಾಡಿದೆ. ಅವನೆಲ್ಲೋ ಏಣಿಯ ಮೇಲಿದ್ದ. "ಮೇಡಂ, ಒಳಗಡೆ ರೆಕಾರ್ಡರ್ ಡಬ್ಬಿ ಇದೆಯಲ್ಲ, ಅದರ ಕೆಳಗೆ ಚೀಟಿ ಅಂಟಿಸಿದ್ದಾರೆ. ಅದರ ನಂಬರ್ ಓದಿ ಹೇಳಿ. ಕಂಪನಿಯಿಂದ ಕೋಡ್ ತರಿಸಿ ಕೊಡ್ತೀನಿ. ಅದನ್ನ ಹಾಕಿದ್ರೆ ಹೊಸ ಪಾಸ್‌ವರ್ಡ್ ಇಟ್ಕೋಬಹುದು."

ಡಬ್ಬಿ ಇದ್ದದ್ದು ಹಿಂದಿನ ದಾಸ್ತಾನು ಕೋಣೆಯಲ್ಲಿ, ಅಟ್ಟದ ಮೇಲೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. "ನೀನಿಲ್ಲೇ ಇರು" ಎಂದು ಮಾತ್ರೆಯಣ್ಣ ಸ್ಟೂಲ್ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಒಂದೊಂದೇ ಅಂಕಿ ಕೂಗಿದರು, ನಾನು ಫೋನಿಗೆ ಒಪ್ಪಿಸಿದೆ. ಹತ್ತು ನಿಮಿಷ ಬಿಟ್ಟು ಅವನು, "ಅಂಥ ನಂಬರೇ ಇಲ್ವಂತೆ, ಸರಿಯಾಗಿ ನೋಡಿ" ಎಂದ. ಮತ್ತೆ ಕೂಗಿದರು. ಈ ಸಲ ಅಂಕಿಗಳೇ ಬೇರೆ. ಅದೂ ಇಲ್ಲವಂತೆ. ಗಂಟೆ ನಾಲ್ಕೂವರೆ.

ನನ್ನ ತಾಳ್ಮೆ ಕಿತ್ತುಹೋಯಿತು. ಸೀದಾ ಒಳಗೆ ನುಗ್ಗಿದೆ. ಸ್ಟೂಲಿನ ಮೇಲೆ ನಿಂತು ಮಾತ್ರೆಯಣ್ಣ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಿದ್ದರು. ಮುಖ ಆ ಕಡೆ ಹೊರಳಿತ್ತು, ಚೀಟಿಯ ಕಡೆ ಇರಲೇ ಇಲ್ಲ. ಬೆರಳು ಮಾತ್ರ ಚೀಟಿಯ ಮೇಲೆ ಓಡಾಡುತ್ತಿತ್ತು.

"ಬಾಯಿಗೆ ಬಂದ ನಂಬರ್ ಹೇಳ್ತಿದ್ದೀರಾ?" ಎಂದು ಕಿರುಚಿದೆ. "ಅಲ್ಲೊಂದು ಜೀವ ಹೋಗ್ತಿದೆ, ಇಲ್ಲಿ ನೀವು ಆಟ ಆಡ್ತಿದ್ದೀರಾ? ನಾಚಿಕೆ ಆಗಲ್ವಾ ನಿಮಗೆ?"

ಅವರು ಕೆಳಗಿಳಿದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ನನಗೆ ಕಾಣಲ್ಲ ತಂಗಿ," ಎಂದರು.

ಆ ನಂಬರಿನ ಫೋಟೋ ತೆಗೆದು, ಹೊರಗೆ ಓಡಿ ಕಳಿಸಿ, ವಾಪಸ್ ಬಂದೆ. ಕೋಡ್ ಬರುವ ತನಕ ಮಾಡಲು ಬೇರೆ ಕೆಲಸವಿರಲಿಲ್ಲ. ಅವರು ರಟ್ಟಿನ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತು ಹೇಳಿದರು.

"ಎರಡು ವರ್ಷ ಆಯ್ತು. ಕಣ್ಣಿನ ನಡುಭಾಗ ಹೋಗ್ತಿದೆ. ಸುತ್ತ ಎಲ್ಲ ಕಾಣುತ್ತೆ, ಬಾಗಿಲು, ಬೀದಿ, ನಿನ್ನ ಸೀರೆ. ಯಾವುದನ್ನ ನೋಡಬೇಕು ಅಂತ ನೋಡ್ತೀನೋ ಅದು ಮಾತ್ರ ಕಾಣಲ್ಲ. ಆಪರೇಷನ್ ಮಾಡಿದ್ರೂ ಬರಲ್ಲ ಅಂದ್ರು. ಬಿಲ್ ಹುಡುಗಿ ಚೀಟಿ ನೋಡಿ ಹೆಸರು ಹೇಳ್ತಾಳೆ. ಅವಳಿಲ್ಲದಾಗ ಗಿರಾಕಿ ಬಾಯಲ್ಲೇ ಹೇಳಿಸ್ತೀನಿ. ಯಾವ ಸಾಲು, ಎಷ್ಟನೇ ಡ್ರಾಯರ್ ಅಂತ ನನ್ನ ಕೈಗೆ ಗೊತ್ತು. ಒಂದು ದಿನಾನೂ ತಪ್ಪಿರಲಿಲ್ಲ."

"ಅತ್ತಿಗೆಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ. ಮಗಳ ನರ್ಸಿಂಗ್ ಓದು ಮುಗಿಯೋಕೆ ಇನ್ನು ಎಂಟು ತಿಂಗಳು. ಅಲ್ಲೀತನಕ ಎಳೆದುಬಿಡೋಣ ಅಂತ. ನಾಳೆ ಯಾರಿಗೆ ಏನು ಕೊಟ್ಟುಬಿಡ್ತೀನೋ ಅಂತ ರಾತ್ರಿ ನಿದ್ದೆ ಹತ್ತಲ್ಲ ತಂಗಿ. ಬಿಡೋ ಹಾಗಿಲ್ಲ, ಹೇಳೋ ಹಾಗಿಲ್ಲ."

ನನಗೆ ಕೋಪ, ಕನಿಕರ ಎರಡೂ ಒಟ್ಟಿಗೆ ಬಂದವು. ಈ ಮನುಷ್ಯ ಎರಡು ವರ್ಷದಿಂದ ನನಗೆ, ನನ್ನ ಗಂಡನಿಗೆ, ಇಡೀ ಬೀದಿಗೆ ನೋಡದೆಯೇ ಮಾತ್ರೆ ಕೊಟ್ಟಿದ್ದಾರೆ. ಕಪಾಳಕ್ಕೆ ಬಿಡಬೇಕು ಅನಿಸಿತು. ತಬ್ಬಿಕೊಂಡು ಅಳಬೇಕು ಅಂತಲೂ ಅನಿಸಿತು. ಎರಡೂ ಮಾಡಲಿಲ್ಲ, ಮೂಗು ಒರೆಸಿಕೊಂಡೆ.

ಕೋಡ್ ಬಂದಾಗ ಐದೂ ಹತ್ತು. ಲಾಕ್ ಬಿಟ್ಟಿತ್ತು. ಕೋಡ್ ಹಾಕಿದೆ, ತೆರೆಯಿತು. ಹೊಸ ಪಾಸ್‌ವರ್ಡ್ ಕೇಳಿತು, ನನಗೆ ತೋಚಿದ್ದು ಇಟ್ಟೆ. ಹನ್ನೊಂದು ಗಂಟೆಗೆ ಹೋದೆ.

ಪರದೆಯಲ್ಲಿ ಮಾತ್ರೆಯಣ್ಣ ಗಿರಾಕಿಯ ಜೊತೆ ನಗುತ್ತಾ ಮಾತಾಡುತ್ತಿದ್ದರು. ಮುಖ ಗಿರಾಕಿಯ ಕಡೆಗೇ. ಕೈ ಮಾತ್ರ ಹಿಂದೆ ಹೋಗಿ, ಬೆರಳಿನಿಂದ ಸಾಲು ಎಣಿಸಿ, ನಾಲ್ಕರಲ್ಲಿ ನಿಂತು, ಎಡಗಡೆಯ ಡ್ರಾಯರ್ ಎಳೆಯಿತು. ಶೀಟ್ ತೆಗೆದು ಕೊಟ್ಟರು. ನೋಡಿದವರಿಗೆ ಏನೂ ಅನುಮಾನ ಬರುವಂತಿರಲಿಲ್ಲ. ಗೊತ್ತಿದ್ದವರಿಗೆ ಎಲ್ಲವೂ ಗೊತ್ತಾಗುವಂತಿತ್ತು.

"ಸಿಕ್ಕಿದ್ನಾ?" ಎಂದು ಪಕ್ಕದಲ್ಲೇ ನಿಂತು ಕೇಳಿದರು.

ಬಾಗಿಲ ಹೊರಗಿನ ಕ್ಯಾಮೆರಾ ತೆರೆದೆ. ಆ ಮನುಷ್ಯ ನೀರಿನ ಕ್ಯಾನ್ ತುಂಬಿದ ಗೂಡ್ಸ್ ಆಟೋ ಹತ್ತಿ ಹೊರಟ. ಆಟೋದ ಹಿಂದೆ ದಪ್ಪ ಅಕ್ಷರದಲ್ಲಿ ಫೋನ್ ನಂಬರ್. ಫೋನ್ ಹಚ್ಚಿದೆ. ನೀರಿನ ಅಂಗಡಿಯವರು ಅವನ ನಂಬರ್ ಕೊಟ್ಟರು. ಅವನು ಎತ್ತಿದ ಕೂಡಲೇ, ಬೆಳಗ್ಗೆ ಒಯ್ದ ಮಾತ್ರೆ ತಾಯಿಗೆ ಕೊಟ್ಟಾಯಿತಾ ಎಂದು ಕೇಳಿದೆ.

"ಇಲ್ಲ ಮೇಡಂ, ಶೀಟ್ ಇನ್ನೂ ನನ್ನ ಜೇಬಲ್ಲೇ ಇದೆ. ಮನೆಗೇ ಹೊರಟಿದ್ದೆ. ಯಾಕೆ?"

ಮಾತ್ರೆಯಣ್ಣ ಗೋಡೆಗೆ ತಲೆಯಾನಿಸಿ ಗಟ್ಟಿಯಾಗಿ ಅತ್ತರು. ನಾನು ಫೋನಿನಲ್ಲಿ, "ಶೀಟ್ ಬದಲಾಗಿದೆ, ಅದು ಸಕ್ಕರೆ ಕಾಯಿಲೆದು, ತಾಯಿಗೆ ಕೊಡಬೇಡಿ, ವಾಪಸ್ ತನ್ನಿ" ಎಂದಷ್ಟೇ ಹೇಳಿದೆ.

ಆಮೇಲೆ ನಾನು ಒಂದು ಮಾತು ಆಡಿದೆ. ಆಡಬಾರದಿತ್ತು, ಆದರೂ ಆಡಿದೆ. "ಅಣ್ಣಾ, ಹೊಸ ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತು. ಓನರಿಗೆ ಏನೋ ಒಂದು ಹೇಳೋಣ. ಬಡಗಿ ಡ್ರಾಯರ್ ಬದಲಾಯಿಸಿದ್ದು ನಿಜ ತಾನೆ? ಎಂಟು ತಿಂಗಳು, ಹೇಗೋ ಕಳೆದುಹೋಗುತ್ತೆ." ಅವರು ಕಣ್ಣೊರೆಸಿಕೊಂಡರು. ಹೋಗಿ ಶಟರ್ ಪೂರ್ತಿ ಎತ್ತಿದರು.

ಆರು ಗಂಟೆಗೆ ಆಟೋ ಬಂತು. ಮುಂದೆ ಮಗನ ಪಕ್ಕ ಆ ಮುದುಕಿಯೂ ಕೂತಿದ್ದರು, ಪುಟ್ಟ ಮೈ, ಬಾಯಲ್ಲಿ ಹಲ್ಲಿಲ್ಲ; ತಾನೂ ನೋಡಬೇಕೆಂದು ಹಠ ಹಿಡಿದು ಬಂದಿದ್ದರಂತೆ. ಅದೇ ಹೊತ್ತಿಗೆ ಓನರ್ ಕೂಡ ಬಂದಿಳಿದರು. ಶಟರ್ ಎತ್ತಿದ್ದು ನೋಡಿ ಬೀದಿಯ ನಾಲ್ಕು ಜನ ಚೀಟಿ ಹಿಡಿದು ಸಾಲು ನಿಂತಿದ್ದರು. ಆಟೋದವನು ಎಲ್ಲರೆದುರು ಕೈ ಮುಗಿದ. "ಅಣ್ಣಾ, ಯಾರು ಹೀಗೆ ಹುಡುಕಿಕೊಂಡು ಫೋನ್ ಮಾಡ್ತಾರೆ ಈ ಕಾಲದಲ್ಲಿ? ನನ್ನ ತಾಯಿ ಜೀವ ಉಳಿಸಿದ್ರಿ." ಮುದುಕಿ ಕೂತಲ್ಲಿಂದಲೇ, "ನೂರು ವರ್ಷ ಬಾಳಪ್ಪ" ಎಂದರು. ಓನರಿಗೆ ವಿಷಯ ಪೂರ್ತಿ ತಿಳಿಯದಿದ್ದರೂ ಎದೆ ಉಬ್ಬಿತು. "ಇಪ್ಪತ್ತೆಂಟು ವರ್ಷದ ಅನುಭವ ಅಂದ್ರೆ ಸುಮ್ನೇನಾ?" ಎಂದು ಸಾಲಿನವರ ಕಡೆ ತಿರುಗಿದರು.

ಮಾತ್ರೆಯಣ್ಣ ಬಲಗಡೆಯ ಡ್ರಾಯರಿನಿಂದ ಸರಿಯಾದ ಶೀಟ್ ತೆಗೆದರು. ಆಟೋದವನು ಕೈ ಚಾಚಿದ. ಅವರು ಅವನಿಗೆ ಕೊಡದೆ ನನ್ನ ಕಡೆ ನೀಡಿದರು. "ತಂಗಿ, ಇದರಲ್ಲಿ ಏನಿದೆ ಓದು. ಗಟ್ಟಿಯಾಗಿ ಓದು."

ನಾನು ಓದಿದೆ.

"ಅವರು ಯಾಕಯ್ಯಾ ಓದಬೇಕು?" ಎಂದರು ಓನರ್.

"ನನಗೆ ಓದೋಕೆ ಆಗಲ್ಲ ಸರ್. ಎರಡು ವರ್ಷದಿಂದ ಕಣ್ಣು ಕಾಣಲ್ಲ. ಕೈಯಂದಾಜಿನ ಮೇಲೆ ಕೊಡ್ತಿದ್ದೆ. ಇವತ್ತು ತಪ್ಪಿತು. ಪರ್ಸ್ ಕಳೆದಿದೆ ಅಂದದ್ದು ಸುಳ್ಳು."

ಆಟೋದವನು ನನ್ನ ಕೈಯಿಂದ ಶೀಟ್ ತೆಗೆದುಕೊಂಡು, ಬೆಳಕಿಗೆ ಹಿಡಿದು, ತಾನೇ ಒಂದೊಂದೇ ಅಕ್ಷರ ಓದಿದ. ಓದಿ ಮುಗಿಸಿ ಮಾತ್ರೆಯಣ್ಣನನ್ನು ನೋಡಿದ. ಹೋಗಿ ಆಟೋ ಸ್ಟಾರ್ಟ್ ಮಾಡಿದ. ಓನರ್ ನನ್ನ ಹತ್ತಿರ ಬಂದು ಮೆಲ್ಲಗೆ, "ಹೊಸ ಪಾಸ್‌ವರ್ಡ್ ಏನಿಟ್ರಿ?" ಎಂದು ಕೇಳಿದರು. ಕಾಗದದ ಮೇಲೆ ಬರೆದುಕೊಟ್ಟೆ, ಅದನ್ನು ಹಿಡಿದುಕೊಂಡು ಕಾರಿನತ್ತ ನಡೆದರು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಅವರೆಲ್ಲ ಇಪ್ಪತ್ತು ವರ್ಷದಿಂದ "ಮಾತ್ರೆಯಣ್ಣ, ಮಾತ್ರೆಯಣ್ಣ" ಎಂದು ಬಂದವರೇ.

ಮಾತ್ರೆಯಣ್ಣ ಕೌಂಟರಿನ ಮೇಲೆ ಎರಡೂ ಕೈಯೂರಿ, ತಲೆ ಓರೆ ಮಾಡಿ, ಕಿವಿಗೊಟ್ಟು ನಿಂತಿದ್ದರು.

"ಹೋದ್ರಾ?" ಎಂದು ನನ್ನನ್ನು ಕೇಳಿದರು.

"ಹೋದ್ರು ಅಣ್ಣಾ."

"ಎಲ್ಲರೂ?"

"ಎಲ್ಲರೂ."

"ಸರಿ," ಎಂದರು. "ಇವತ್ತು ರಾತ್ರಿ ನಿದ್ದೆ ಮಾಡ್ತೀನಿ ತಂಗಿ."