ವೆಲ್ಡರ್ ಸಾಹೇಬರಿಗೆ ಹೈಡ್ರೋಜನ್ ನೋಟ್ಸು

ಜಗತ್ತಿನ ಸಾರ್ವಭೌಮ ರಾಷ್ಟ್ರಗಳು ಹೈಡ್ರೋಜನ್ ಇಂಧನದ ಬಗ್ಗೆ ಏನೇನು ಸಂಕಲ್ಪ ಮಾಡಿವೆ ಎಂಬುದನ್ನು ದಾವಣಗೆರೆಯ ಸರಸ್ವತಿ ನಗರದಲ್ಲಿ ನನ್ನಷ್ಟು ಓದಿದವರು ಇನ್ನೊಬ್ಬರಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ಆ ಸುಸ್ತು ಬೇರೆಯವರಿಗೆ ಬರದಿರಲಿ ಎಂದು ಹೇಳುತ್ತಿದ್ದೇನೆ.

ಓದಿದ್ದು ಹರಿಹರದ ಸಾಹೇಬರಿಗಾಗಿ. ಅವರು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡರ್. ನಮ್ಮ ಮನೆಯ ಗೇಟು ಅವರ ಕೈಯದು, ಸ್ನೇಹವೂ ಅಲ್ಲಿಂದಲೇ. ವರ್ಷಗಟ್ಟಲೆ ಟ್ರೇಲರಿನ ಅಡಿಯಲ್ಲಿ ಮಲಗಿ ಬೆಸೆದು ಸೊಂಟ ಹೋಗಿತ್ತು. ಒಂದು ಕಂಪನಿಯವರು ಹೈಡ್ರೋಜನ್ ಪೈಪು ಬೆಸೆಯುವ ತರಬೇತಿ ಕೊಟ್ಟು ಕೆಲಸಕ್ಕೂ ತೆಗೆದುಕೊಳ್ಳುತ್ತಾರೆ ಎಂಬ ಪ್ರಕಟಣೆ ಬಂತು. ಅಲ್ಲಿ ಮೇಜಿನ ಮುಂದೆ ನಿಂತು ಮಾಡುವ ಕೆಲಸ. ವಯಸ್ಸಿನ ಮಿತಿ ನೋಡಿದರೆ ಅವರಿಗಿದ್ದದ್ದು ಇದೊಂದೇ ಸಲ.

"ಇದೊಂದು ಆದ್ರೆ ಮಲಗಾದು ತಪ್ತೈತ್ರಿ ಮೇಷ್ಟ್ರೆ" ಎಂದರು.

ಪರೀಕ್ಷೆ ಎರಡು: ಒಂದು ಬಾಯಿಯದು, ಒಂದು ಕೈಯದು. ದಪ್ಪ ಕಬ್ಬಿಣಕ್ಕೆ ಪಳಗಿದ ಕೈಗೆ ತೆಳು ಪೈಪಿನ ಅಭ್ಯಾಸ ಸ್ವಲ್ಪ ಆಗಬೇಕು ಎಂದು ಅವರು ಹೇಳಿದರು. ಕೈ ಎಲ್ಲಿಗೂ ಹೋಗುವುದಿಲ್ಲ, ಜನ ಬೀಳುವುದು ಬಾಯಿಯಲ್ಲೇ ಎಂದೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿದವನು ನಾನು. ನಿಜ ಹೇಳಬೇಕೆಂದರೆ, ಯಾವ ಪ್ರಶ್ನೆ ಬರುತ್ತದೆ ಎಂದು ಹೇಳಿದವನು. ನಮ್ಮೂರಿನಲ್ಲಿ ವಿದ್ಯೆ ಎಂದರೆ ನೋಟ್ಸು.

ಹದಿನೈದು ದಿನ ಅಂಗಡಿ ಮುಚ್ಚಿ ಬೆಳಗಿನ ಬಸ್ಸಿಗೆ ಬಂದರು. ನಾನು ಹೇಳಿದೆ, ಅವರು ಬರೆದುಕೊಂಡರು. ಜಪಾನಿನವರು ಹಡಗಿನಲ್ಲಿ ತರಿಸಿಕೊಳ್ಳುವರಂತೆ. ಜರ್ಮನಿಯವರು ಉಕ್ಕಿನ ಕುಲುಮೆಗೆ ಹಾಕುವರಂತೆ. ಆಸ್ಟ್ರೇಲಿಯದವರು ಬಿಸಿಲಿನ ಕರೆಂಟಿನಿಂದ ಮಾಡಿ ಮಾರುವರಂತೆ, ಚಿಲಿಯವರು ಗಾಳಿಯ ಕರೆಂಟಿನಿಂದ. ನಮ್ಮವರು ಮಾಡುವರಂತೆ, ಬಳಸುವರಂತೆ, ಮಾರುವರಂತೆ ಕೂಡ. ಎಲ್ಲರ ಗುರಿಯೂ ಮುಂದಿನ ದಶಕದ್ದು. ಕೆಲವರು ಅದನ್ನೂ ತಿದ್ದಿ ಇನ್ನಷ್ಟು ಮುಂದಕ್ಕೆ ಹಾಕಿದ್ದರು. ಮೂರನೆಯ ದೇಶಕ್ಕೆ ಬರುವಷ್ಟರಲ್ಲಿ ನನಗೇ ಆಕಳಿಕೆ. ಸಾಹೇಬರು ಕೊರಿಯವನ್ನೂ ಬಿಡಲಿಲ್ಲ. ಒಮ್ಮೆ ಮಾತ್ರ ಪೆನ್ನು ಕೆಳಗಿಟ್ಟರು.

"ಇಷ್ಟು ದೇಶದಾಗೆ ವೆಲ್ಡರ್ ಸುದ್ದಿ ಎಲ್ಲೈತ್ರಿ?"

ಅದು ಪರೀಕ್ಷೆಗೆ ಬರುವುದಿಲ್ಲ ಎಂದೆ.

ಆಯ್ಕೆಯ ದಿನ ಜೊತೆಗೆ ಹೋಗಿ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದೆ. ಬಾಯಿಯ ಪರೀಕ್ಷೆಯಲ್ಲಿ ಊರು ಕೇಳಿದರು, ಎಷ್ಟು ವರ್ಷದ ಅನುಭವ ಎಂದು ಕೇಳಿದರು, ಮುಗಿಯಿತು. ಆಮೇಲೆ ಬೆರಳಿನ ಗಾತ್ರದ ಎರಡು ಸ್ಟೀಲ್ ಪೈಪು ಕೊಟ್ಟರು. ನೀರು ನಿಲ್ಲುವ ಬೆಸುಗೆಯಲ್ಲಿ ಹೈಡ್ರೋಜನ್ ನಿಲ್ಲುವುದಿಲ್ಲ. ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಹದಿನೈದು ದಿನ ಪೆನ್ನು ಹಿಡಿದ ಕೈ ತೆಳು ಪೈಪಿನ ಮೇಲೆ ಒಂದೇ ಕಡೆ ಹೆಚ್ಚು ಹೊತ್ತು ನಿಂತದ್ದು ಬೆಂಚಿನಿಂದಲೇ ಕಂಡಿತು. ಬೆಸೆದ ಪೈಪಿಗೆ ಗಾಳಿ ತುಂಬಿ, ಜೋಡಣೆಯ ಸುತ್ತ ಸೋಪಿನ ನೀರು ಹಚ್ಚಿದರು. ಒಂದು ಗುಳ್ಳೆ ಎದ್ದಿತು. ದೊಡ್ಡದೇನಲ್ಲ, ಕಡಲೆಕಾಳಿನಷ್ಟು.

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ತಪ್ಪು ನನ್ನದು ಎಂದು ಅಲ್ಲಿ ಹೇಳಿದೆ.

"ಇರ್ಲಿ ಬಿಡ್ರಿ. ಹದಿನೈದು ದಿನ ಕುರ್ಚಿ ಮ್ಯಾಲೆ ಕುಂತಿದ್ದೆ. ಸೊಂಟಕ್ಕೆ ಆರಾಮಾಗಿತ್ತು."

ಮರುವಾರ ಅಂಗಡಿಗೆ ಹೋದೆ. ಭಾನುವಳ್ಳಿಯ ರೈತರೊಬ್ಬರ ಟ್ರೇಲರ್ ನಿಂತಿತ್ತು, ಅದರಡಿ ಗೋಣಿಚೀಲ ಹಾಸಿಕೊಂಡು ಸಾಹೇಬರು. ಪಾದಗಳಷ್ಟೇ ಕಾಣುತ್ತಿದ್ದವು. "ಕೂಡ್ರಿ ಮೇಷ್ಟ್ರೆ" ಎಂದು ಅಲ್ಲಿಂದಲೇ ಹೇಳಿದರು. ಕೂತೆ. ಬಹಳ ಹೊತ್ತಿನ ಮೇಲೆ ಅಡಿಯಿಂದ ಒಂದು ಕೈ ಹೊರಗೆ ಬಂತು. ಹಿಡಿದು ಎಳೆದೆ. ಎರಡನೆಯ ಸಲಕ್ಕೆ ಎದ್ದರು.