ಗಂಟು ಹಾಕದೆ ಬಿಟ್ಟ ಹುಣ್ಣಿಮೆ

ಈ ಹೊಸ್ತಿಲ ಹುಣ್ಣಿಮೆಗೆ ನಾನು ಅಜ್ಜಿಯಾದೆ! ಮಗಳಿಗೆ ಹೆಣ್ಣು ಕೂಸು, ಮೂಗು ನಮ್ಮವ್ವನದೇ. ನನ್ನ ಮಾತು ನಡೆದಿದ್ದರೆ ಅದು ಅಡಿಗೆಮನೆಯಲ್ಲೇ ಹುಟ್ಟಿಬಿಡುತ್ತಿತ್ತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ತಾರೀಕು ತಲೆಗೆ ಹತ್ತುವುದಿಲ್ಲ. ಅವ್ವ ಕಲಿಸಿದ್ದು ಹುಣ್ಣಿಮೆಗಳ ಲೆಕ್ಕ. ದವನದ ಹುಣ್ಣಿಮೆ ಎಂದರೆ ಹೊಂಗೆ ಚಿಗುರಿದ ಕಾಲ. ಕಾರ ಹುಣ್ಣಿಮೆಗೆ ಅಪ್ಪ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಉಳಿದದ್ದನ್ನು ನನ್ನ ಕೆನ್ನೆಗೆ ಒರೆಸುತ್ತಿದ್ದ. ಗೌರಿ ಹುಣ್ಣಿಮೆ ಹೊತ್ತಿಗೆ ಹಸಿ ರಾಗಿ ತೆನೆ ಸುಟ್ಟು ತಿಂದು ನಮ್ಮ ತುಟಿಯೆಲ್ಲ ಮಸಿ. ಬನದ ಹುಣ್ಣಿಮೆಗೆ ಊರೆಲ್ಲ ಅವರೆಕಾಯಿ ಸೊಗಡು; ನಾನು ಹುಟ್ಟಿದ್ದು ಅವತ್ತೇ ಅಂತೆ. ಮನೆಯಲ್ಲಿ ಯಾರಾದರೂ ಬಸುರಾದರೆ ಅವ್ವ ದೇವರ ಗೂಡಿನಲ್ಲಿ ಅರಿಶಿನದ ದಾರವಿಟ್ಟು, ಪ್ರತಿ ಹುಣ್ಣಿಮೆಯ ಹಬ್ಬದೂಟ ಮುಗಿದ ಮೇಲೆ ಒಂದೊಂದು ಗಂಟು ಹಾಕುತ್ತಿದ್ದಳು. ಹತ್ತನೇ ಗಂಟಿಗೆ ಹೆರಿಗೆ.

ಬಾಣಂತನಕ್ಕೆ ಬಂದ ಮಗಳಿಗೂ ಹಾಗೇ ಹಾಕಿದ್ದೆ. ಎಂಟು ಗಂಟು ಬಿದ್ದಿದ್ದವು; ಒಂಬತ್ತನೆಯದು ಹೊಸ್ತಿಲ ಹುಣ್ಣಿಮೆಗೆ, ಹತ್ತನೆಯದು ಅದರ ಮುಂದಿನ ಬನದ ಹುಣ್ಣಿಮೆಗೆ. ಡಾಕ್ಟರಮ್ಮ ಇದೇ ವಾರ ಎಂದರೂ ನಾನು ನಂಬಲಿಲ್ಲ.

ಹೊಸ್ತಿಲ ಹುಣ್ಣಿಮೆಯ ಬೆಳಿಗ್ಗೆ ಪೂಜೆಗೆಂದು ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದೆ. ಮಗಳು ಸೊಂಟ ಹಿಡಿದು ಬಂದಳು.

“ಅವ್ವಾ, ನೋವು ಕಣವ್ವಾ.”

“ಉಷ್ಣ ಕಣಮ್ಮಿ. ಬನದ ಹುಣ್ಣಿಮೆಗಂಟ ಟೈಮೈತೆ. ಜೀರಿಗೆ ಕಷಾಯ ಕುಡಿ.”

ಕಷಾಯ ಕುದಿಯುವಷ್ಟರಲ್ಲಿ ಅವಳು ಕಂಬ ತಬ್ಬಿಕೊಂಡಿದ್ದಳು. “ನಿನ್ನ ಚಂದ್ರನ್ನ ನೀನೇ ಮಡೀಕೋ, ಆಟೋ ಕರ್ಸು!”

ನನ್ನ ಗಂಡ ಗೂಡಿನ ದಾರ ಎಳೆದು ನೋಡಿದರು. “ಲೇ, ಅಧಿಕ ಮಾಸದ ಗಂಟು ಹಾಕಿದ್ಯೇನೇ?”

ಅಧಿಕ ಮಾಸದ ಹುಣ್ಣಿಮೆಗೆ ನಮ್ಮಲ್ಲಿ ಹೆಸರೂ ಇಲ್ಲ, ಹಬ್ಬದೂಟವೂ ಇಲ್ಲ. ಊಟವಿಲ್ಲದ್ದಕ್ಕೆ ಗಂಟೂ ಮರೆತಿದ್ದೆ; ಹತ್ತನೆಯದು ಇವತ್ತಿನದೇ.

ಹೊಸ್ತಿಲ ಪೂಜೆ ಅರ್ಧಕ್ಕೇ ಬಿಟ್ಟು ಓಡಿದೆವು. ಕೆ.ಆರ್. ಪೇಟೆ ಮುಟ್ಟುವವರೆಗೂ ನಾನು ಮಗಳ ಕೈ ಬಿಡಲಿಲ್ಲ. ಆಸ್ಪತ್ರೆಯೊಳಗೆ ಹೋಗಿ ಸ್ವಲ್ಪ ಹೊತ್ತಿಗೇ ಕೂಸಿನ ಅಳು ಕೇಳಿಸಿತು. ಕೂಸಿಗಿಂತ ಜೋರಾಗಿ ಅತ್ತವಳು ನಾನು.

ಸಂಜೆ ಅಳಿಯ ನಾಗಮಂಗಲದಿಂದ ಬಂದ. ನನ್ನ ಗಂಡ ಮುದ್ದೆ, ಹಿತಕಿದವರೆ ಸಾರು ತಂದರು. ನಾವೆಲ್ಲ ವಾರ್ಡಿನ ನೆಲದ ಮೇಲೆ, ಮಗಳು ಮಂಚದ ಮೇಲೆ ಮೆಣಸು ಸಾರಿನ ಅನ್ನದ ತಟ್ಟೆ ಹಿಡಿದು.

“ಅವ್ವಾ, ಇದು ಎಷ್ಟನೇ ಗಂಟು?” ಎಂದಳು.

ನಗು ಉಕ್ಕಿ ಅಳಿಯನಿಗೆ ಮುದ್ದೆ ನೆತ್ತಿಗೇರಿತು.

“ಸುಮ್ಕೆ ಉಣ್ಣಮ್ಮಿ,” ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ.