ಅಕ್ಕ ಕಾವಲಿಗೆ ಬಂದಳು

ನನ್ನ ತೂಕ ತೊಂಬತ್ತೊಂದು ಕಿಲೋಗೆ ಬಂದು ನಿಂತಾಗ ನಾನು ಮೊದಲು ಅನುಮಾನಪಟ್ಟದ್ದು ತೂಕದ ಯಂತ್ರದ ಮೇಲೆ. ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಹಾಸನದಲ್ಲಿ ಆಗಿ ಆರೇಳು ತಿಂಗಳಾಗಿತ್ತು. ಅಲ್ಲಿಯವರೆಗೆ ವಾರವಾರಕ್ಕೂ ಇಳಿಯುತ್ತಾ ಬಂದಿದ್ದ ತೂಕ ಇದ್ದಕ್ಕಿದ್ದಂತೆ ಹಟ ಹಿಡಿಯಿತು. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ, ತಿಂಗಳೇ ಕಳೆಯಿತು. ಯಂತ್ರದ ಸೆಲ್ ಬದಲಾಯಿಸಿದೆ. ಅದನ್ನು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಬಚ್ಚಲ ಬಾಗಿಲಿಗೆ ಎಳೆದಾಡಿದೆ. ಕೊನೆಗೆ ಅರಕಲಗೂಡಿನ ಪೇಟೆಯಲ್ಲಿ ರಾಗಿ ಮೂಟೆ ತೂಗುವ ಅಂಗಡಿಗೆ ಹೋಗಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ತಕ್ಕಡಿಯ ಮೇಲೆ ಹತ್ತಿ ನಿಂತೆ. ಅಲ್ಲೂ ಅಷ್ಟೇ. ಅಂಗಡಿಯವನು, "ಯಾಕ್ ಮೇಡಂ, ನಮ್ ತಕ್ಕಡಿ ಮ್ಯಾಲೆ ಅನ್ಮಾನವಾ?" ಅಂದ. ನಿನ್ನ ತಕ್ಕಡಿಯಲ್ಲಪ್ಪ, ಈಗ ನನಗೆ ಊರಿನ ಮೇಲೆಲ್ಲ ಅನುಮಾನ ಅನ್ನಬೇಕೆನಿಸಿತು.

ಆಮೇಲೆ ನನ್ನ ಕಣ್ಣು ಗಂಡನ ಮೇಲೆ ಬಿತ್ತು. ಆಪರೇಷನ್ ಆದಾಗಿನಿಂದ ಬೆಳಗಿನ ಅಡುಗೆ ಅವರದ್ದು. ನನ್ನ ಬೇಳೆಕಟ್ಟಿಗೆ ಯಾರಿಗೂ ಕಾಣದಂತೆ ತುಪ್ಪ ಬಿಡುತ್ತಿದ್ದಾರೇನೋ ಅಂತ ಬಾಗಿಲ ಸಂದಿಯಿಂದ ನೋಡಿದೆ. ತುಪ್ಪದ ಡಬ್ಬಿಯ ಮಟ್ಟ ಎಲ್ಲಿದೆ ಅಂತ ನೆನಪಿಟ್ಟುಕೊಂಡೆ. ಅದು ಕದಲಲಿಲ್ಲ. ಅವರು ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರದವರ ಹತ್ತಿರ ಕೆಲಸಕ್ಕಿದ್ದಾರೆ. ಜಗತ್ತಿನ ತೂಕವನ್ನೆಲ್ಲ ಸೊಪ್ಪಿನ ತೂಕದಿಂದಲೇ ಅಳೆಯುವ ಮನುಷ್ಯ. "ಶೀತ ಹಿಡ್ದಿರೋ ಸೊಪ್ಪು ತೂಕ ಜಾಸ್ತಿ ಬತ್ತದೆ ಕಣೇ. ನೀನೂ ಎಲ್ಲೋ ನೀರು ಹಿಡ್ಕಂಡಿದ್ದೀಯ," ಅಂದರು. ಕಟ್ಟಿದ ಹೆಂಡತಿಯನ್ನು ಹೊಗೆಸೊಪ್ಪಿನ ಮೂಟೆಗೆ ಹೋಲಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟೆ.

ಡಾಕ್ಟರಿಗೆ ಫೋನ್ ಮಾಡಿದೆ. "ಇದು ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ. ದೇಹ ಕಡಿಮೆ ಊಟಕ್ಕೆ ಒಗ್ಗಿಕೊಂಡು ಸ್ವಲ್ಪ ದಿನ ನಿಂತ್ಕೊಳ್ಳುತ್ತೆ. ಪ್ರೋಟೀನ್ ಬಿಡಬೇಡಿ, ನಡಿಗೆ ಬಿಡಬೇಡಿ, ದಿನಾ ತೂಕ ನೋಡ್ಕೋಬೇಡಿ. ಮತ್ತೆ ಇಳಿಯುತ್ತೆ," ಅಂದರು. ಅವರ ದನಿ ಎಷ್ಟು ನುಣ್ಣಗಿತ್ತೆಂದರೆ ನನಗೆ ಅದರ ಮೇಲೂ ಅನುಮಾನ ಬಂತು. ಆಪರೇಷನ್‌ಗೆ ಮುಂಚೆ ಈ ಮಾತು ಹೇಳಿದ್ದರಾ? ಹೇಳಿದ್ದರಂತೆ. ಪಕ್ಕದಲ್ಲಿ ಕೂತಿದ್ದ ಗಂಡನಿಗೆ ನೆನಪಿದೆ, ನನಗಿಲ್ಲ.

ಇದು ನನ್ನೊಬ್ಬಳ ಮೈಯ ವಿಷಯವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚನ್ನರಾಯಪಟ್ಟಣದ ಹತ್ತಿರ ಬಾಗೂರಿನಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಬಹಳ ದಪ್ಪ. ಸಕ್ಕರೆ ಕಾಯಿಲೆ ಇದೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತದೆ, ಹೃದಯಕ್ಕೂ ಪೆಟ್ಟು ಬೀಳಲು ಶುರುವಾಗಿದೆ. ತಡ ಮಾಡಿದರೆ ಜೀವಕ್ಕೇ ಅಪಾಯ, ಬೇಗ ಆಪರೇಷನ್ ಮಾಡಿಸಿ ಅಂತ ಅದೇ ಡಾಕ್ಟರು ಅವಳಿಗೂ ಹೇಳಿದ್ದರು. ಅಕ್ಕ ನನ್ನನ್ನು ಮುಂದಕ್ಕೆ ತಳ್ಳಿದಳು. "ಮೊದ್ಲು ನೀನ್ ಮಾಡಿಸ್ಕೋ. ನಿಂಗೆ ಸರ್ಯಾಗಿ ಆದ್ರೆ ನಾನೂ ಬತ್ತೀನಿ," ಅಂದಳು. ನಾನು ಮಾಡಿಸಿಕೊಂಡೆ. ಅಂದಿನಿಂದ ಫೋನಿನಲ್ಲಿ ಅವಳು ಯೋಗಕ್ಷೇಮ ಕೇಳುವುದನ್ನೇ ಬಿಟ್ಟಳು. ಎತ್ತಿದ ಕೂಡಲೇ "ಎಷ್ಟು?" ಅನ್ನುತ್ತಿದ್ದಳು. ನಾನು ಮತ್ತೆ ಮತ್ತೆ ತೊಂಬತ್ತೊಂದು ಅನ್ನುತ್ತಲೇ ಇದ್ದೆ. ಒಂದು ದಿನ, "ಏನೋ ಕದ್ದು ತಿಂತಾ ಇದ್ದೀಯ ನೀನು," ಅಂದು ಫೋನ್ ಇಟ್ಟುಬಿಟ್ಟಳು.

ದಸರಾ ರಜೆ ಶುರುವಾಗಿತ್ತು, ನಾನು ಪಾಠ ಮಾಡುವ ಸ್ಕೂಲಿಗೆ ಬೀಗ. ಅಕ್ಕ ಬ್ಯಾಗು ಹಿಡಿದು ಬಂದೇಬಿಟ್ಟಳು. ಚನ್ನರಾಯಪಟ್ಟಣದಲ್ಲಿ ಒಂದು ಬಸ್ಸು, ಹೊಳೆನರಸೀಪುರದಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅವಳ ಮುಖವೆಲ್ಲ ಬೆವರಿನಲ್ಲಿ ತೊಯ್ದಿತ್ತು. ನೀರು ಕುಡಿಯುವ ಮೊದಲೇ ಅಡುಗೆಮನೆಗೆ ಹೋಗಿ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಕೈ ಆಡಿಸಿದಳು. ಮೈಯೆಲ್ಲ ಉರಿದುಹೋಯಿತು ನನಗೆ.

ಊಟಕ್ಕೆ ಕೂತರೆ ನನ್ನ ಎದುರಿಗೇ ಕೂರುತ್ತಿದ್ದಳು. ನಿಂಬೆಹಣ್ಣಿನಷ್ಟು ಮುದ್ದೆ, ಎರಡು ಚಮಚ ಕಾಳುಸಾರು, ಒಂದು ಮೊಟ್ಟೆಯ ಬಿಳಿ ಭಾಗ, ಅಷ್ಟೇ ನನ್ನ ಊಟ. ನಮ್ಮ ಕಡೆ ಮುದ್ದೆಯನ್ನು ನುಂಗುತ್ತಾರೆ. ನಾನು ನುಂಗುವ ಹಾಗಿಲ್ಲ, ನುಂಗಿದರೆ ಎದೆಯಲ್ಲೇ ಸಿಕ್ಕಿಕೊಂಡು ವಾಂತಿಯಾಗುತ್ತದೆ. ಆದ್ದರಿಂದ ಚೂರು ಚೂರೇ ಮುರಿದು ಅಗಿಯುತ್ತಿದ್ದೆ. ಅಕ್ಕನಿಗೆ ಅದೇ ದೊಡ್ಡ ಸಾಕ್ಷಿಯಾಯಿತು. "ಮುದ್ದೇನ ಯಾರಾದ್ರೂ ಅಗೀತಾರೇನೇ? ನನ್ ಮುಂದೆ ನಾಟ್ಕ ಆಡ್ತೀಯ. ಇಷ್ಟೇ ಇಷ್ಟು ತಿಂದು ಯಾವ್ ಮನ್ಸ ಬದುಕ್ತಾನೆ? ಎಲ್ಲೋ ತಿಂದ್ಕಂಡ್ ಬತ್ತೀಯ ನೀನು," ಅಂದಳು.

ನಾನು ಸಂಜೆ ವಾಕಿಂಗ್ ಹೊರಟರೆ ಅವಳೂ ಹೊರಡುತ್ತಿದ್ದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಏದುಸಿರು ಬಂದು ಯಾರದ್ದೋ ಜಗಲಿಯ ಮೇಲೆ ಕೂರುತ್ತಿದ್ದಳು. ಅಲ್ಲಿಂದಲೇ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಒಂದು ದಿನ ನಾನು ಸ್ನಾನಕ್ಕೆ ಹೋದಾಗ ಮೂಲೆಯ ಬೇಕರಿಗೆ ಹೋಗಿ, ನನ್ನ ತಂಗಿ ಇಲ್ಲಿ ಏನು ತಿನ್ನುತ್ತಾಳೆ ಅಂತ ವಿಚಾರಿಸಿ ಬಂದಿದ್ದಳು. "ಬರೀ ಬ್ರೆಡ್ಡು ತಗಂಡ್ ಓಯ್ತೀಯಂತೆ. ಯಾರಿಗೆ ಬ್ರೆಡ್ಡು?" ಅಂತ ಬಚ್ಚಲ ಬಾಗಿಲಿಗೇ ಬಂದು ಕೇಳಿದಳು. "ನಿನ್ ಬಾವಂಗೆ!" ಅಂತ ತಲೆಗೆ ನೀರು ಹುಯ್ದುಕೊಳ್ಳುತ್ತಲೇ ಕಿರುಚಿದೆ. ಆಮೇಲೆ ನೆನಪಾಯಿತು, ಅವಳಿಗೆ ಅವರು ಬಾವನಲ್ಲ, ತಂಗಿಯ ಗಂಡ. ಸಿಟ್ಟಿಗೆ ಸಂಬಂಧಗಳೂ ಮರೆತುಹೋಗಿದ್ದವು.

ಸಿಟ್ಟು ಇಳಿದದ್ದು ಆವತ್ತು ಮಧ್ಯಾಹ್ನ. ಊಟ ಮಾಡಿ ಅಕ್ಕ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಜೋರಾಗಿ ಗೊರಕೆ ಹೊಡೆಯುತ್ತಿದ್ದವಳು ಒಮ್ಮೆಗೇ ನಿಲ್ಲಿಸಿದಳು. ಬಾಯಿ ತೆರೆದಿತ್ತು, ಎದೆ ಏಳಲಿಲ್ಲ. ಸೋಸುತ್ತಿದ್ದ ಸೊಪ್ಪನ್ನು ಬಿಟ್ಟು ಓಡಿ ಹೋಗಿ ಭುಜ ಹಿಡಿದೆ. ಅಷ್ಟರಲ್ಲಿ ಅವಳೇ ದಡಕ್ಕನೆ ಉಸಿರೆಳೆದು ಮಗ್ಗುಲಾದಳು, ಎಚ್ಚರವಾಗಲಿಲ್ಲ. ನನ್ನ ಅನ್ನದ ಮೇಲೆ ಕಾವಲು ಕೂತಿರುವ ಇವಳ ಉಸಿರಿಗೆ ಯಾರ ಕಾವಲು ಅಂತ ಅಳು ಬಂತು. ಅವಳು ಏಳುವವರೆಗೂ ಅಲ್ಲೇ ಕೂತಿದ್ದೆ.

ಹೊರಡುವ ದಿನ ಬೆಳಿಗ್ಗೆ ಅಕ್ಕ ತಾನೇ ಯಂತ್ರ ತಂದು ನನ್ನನ್ನು ಹತ್ತಿಸಿದಳು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ತೊಂಬತ್ತೊಂದು. ಈಗಲಾದರೂ ನಂಬಿದೆಯಾ ಅಂತ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಂಚದ ಮೇಲೆ ಕುಸಿದು ಕೂತಳು.

"ನೀನ್ ಕದ್ದು ತಿಂದಿದ್ರೇ ಚೆಂದಾಗಿತ್ತು ಕಣೇ," ಅಂದಳು.

"ಯಾಕಕ್ಕ ಅಂಗಂತೀಯ?"

"ತಿಂದಿದ್ರೆ, ತಪ್ಪು ನಿಂದು ಅಂತ ನಾನು ಧೈರ್ಯವಾಗಿ ಓಗಿ ಆಪ್ರೇಸನ್ನಿಗೆ ಮಲಿಕತಿದ್ದೆ. ನೀನು ಏನೂ ತಿನ್ನಾಕಿಲ್ಲ, ಆದ್ರೂ ಇಳೀತಾ ಇಲ್ಲ. ಅಂದ್ರೆ ಆಪ್ರೇಸನ್ನೇ ಸುಳ್ಳು. ನಂಗ್ಯಾಕೆ ಬೇಕು ಅದು? ಇರೋವಷ್ಟು ದಿನ ಇದ್ದು ಓಯ್ತೀನಿ ಬುಡು."

ಡಾಕ್ಟರು ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದೆ. ಇದು ನಿಂತು ಮತ್ತೆ ಇಳಿಯುತ್ತದೆ, ಇಷ್ಟು ಇಳಿದದ್ದೇ ಸುಳ್ಳಲ್ಲವಲ್ಲ ಅಂದೆ. ಅವಳು ಇಲ್ಲವೆಂದು ತಲೆಯಾಡಿಸುತ್ತಾ ಸೀರೆ ಮಡಿಚಿ ಬ್ಯಾಗಿಗೆ ಹಾಕುತ್ತಲೇ ಇದ್ದಳು. ಎಷ್ಟು ಮಾತಾಡಿದರೂ ಅವಳು ಬಾಗೂರಿಗೆ ಹೋಗಿ ಮಲಗುತ್ತಾಳೆ, ಒಂದು ದಿನ ಏಳುವುದಿಲ್ಲ ಅನ್ನಿಸಿತು.

"ತಿಂದಿದ್ದೀನಿ ಕಣಕ್ಕ," ಅಂದೆ.

ಅವಳ ಕೈ ನಿಂತಿತು. "ಏನ?"

"ನಿಪ್ಪಟ್ಟು. ಚಕ್ಲಿ. ನೀನ್ ಬಂದ್ ಮ್ಯಾಲೂ ತಿಂದೆ. ಅದುಕ್ಕೇ ಇಳ್ದಿಲ್ಲ."

ಅವಳು ನನ್ನನ್ನೇ ದಿಟ್ಟಿಸಿದಳು. ಅವಳ ಕಣ್ಣಿನಿಂದ ಅನುಮಾನ ಇನ್ನೂ ಹೋಗಿರಲಿಲ್ಲ. "ಎಲ್ ಬಚ್ಚಿಟ್ಟಿದ್ದೆ?"

ಮನೆಯಲ್ಲಿ ಅವಳು ಕೈ ಹಾಕದ ಜಾಗ ಯಾವುದಿದೆ? ಬಾಯಿಗೆ ಬಂದದ್ದು ಹೇಳಿದೆ. "ಬೀರುನಲ್ಲಿ."

ಅಂದ ಮೇಲೆ ಹೊಳೆಯಿತು. ಬೀರುವಿನ ಬೀಗದ ಕೈಯನ್ನು ಅವಳು ಬಂದ ದಿನವೇ ನನ್ನಿಂದ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬಟ್ಟೆ ಬೇಕಾದಾಗೆಲ್ಲ ಅವಳೇ ತೆಗೆದು ಕೊಡುತ್ತಿದ್ದಳು.

ಅಕ್ಕನ ಕೈ ಸೊಂಟಕ್ಕೆ ಹೋಯಿತು. ಬೀಗದ ಕೈಯನ್ನು ಮುಟ್ಟಿಕೊಂಡು ಬೀರುವಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ಆಮೇಲೆ ಅದನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿ, ಬೆರಳುಗಳನ್ನು ತಾನೇ ಮಡಿಚಿದಳು.

"ನಂಗೊತ್ತಿತ್ತು ಕಣೇ ಕಳ್ಳಿ," ಅಂದಳು. "ನಾನು ನಿನ್ನಂಗೆ ಕದ್ದು ತಿನ್ನೋಳಲ್ಲ. ಡಾಕ್ಟ್ರಿಗೆ ಪೋನ್ ಮಾಡು. ಯಾವತ್ತು ಬರ್ಬೇಕು ಕೇಳು."